ಗಂಗರತ್ನಮ್ಮನ ರಕ್ತದ ಲೆಕ್ಕ

ಕ್ಯಾಸಂಬಳ್ಳಿಯ ಹಾಲಿನ ಡೈರಿಗೆ ಗಂಗರತ್ನಮ್ಮ ಟೆಸ್ಟರ್ ಆಗಿ ಸೇರಿ ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಹೆಂಗಸರು ಕ್ಯಾನು, ತಂಬಿಗೆ, ಸ್ಟೀಲ್ ಡಬ್ಬಿ ಹಿಡಿದು ಸಾಲು ನಿಲ್ಲುತ್ತಿದ್ದರು. ಒಬ್ಬೊಬ್ಬರ ಹಾಲಿನಿಂದಲೂ ಒಂದಿಷ್ಟು ತೆಗೆದು, ಎತ್ತರದ ಜಾಡಿಗೆ ಸುರಿದು ಲ್ಯಾಕ್ಟೋಮೀಟರ್ ಬಿಡುತ್ತಿದ್ದಳು. ಗಾಜಿನ ಕಡ್ಡಿ ಎಷ್ಟು ಡಿಗ್ರಿಗೆ ನಿಂತಿತೆಂದು ಬಗ್ಗಿ ನೋಡಿ ಬರೆದುಕೊಳ್ಳುತ್ತಿದ್ದಳು. ನೀರು ಬೆರೆತಿದ್ದರೆ ಯಾರ ಹಾಲಾದರೂ ಸರಿ, ಹಿಂದಕ್ಕೆ. ಒಮ್ಮೆ ಅತ್ತೆ ಚಿಕ್ಕವೆಂಕಟಮ್ಮ ತಂದ ಹಾಲನ್ನೂ ಹಾಗೇ ವಾಪಸು ಕಳಿಸಿ, ಒಂದು ವಾರ ಮನೆಯಲ್ಲಿ ಮಾತಿಲ್ಲದೆ ಕಳೆದಿದ್ದಳು. ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರ ಗುರುತು ಹಿಡಿಯುತ್ತಿದ್ದಳು, ಅರ್ಥವಾಗುತ್ತಿರಲಿಲ್ಲ. ಅಂಕಿಗಳ ವಿಷಯದಲ್ಲಿ ಮಾತ್ರ ಅವಳನ್ನು ಯಾಮಾರಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

೧೯೯೮ರ ಜೂನ್ ತಿಂಗಳಲ್ಲಿ ಅವಳಿಗೆ ಮೈತುರಿಕೆ ಶುರುವಾಯಿತು. ಅಂಗೈ, ಅಂಗಾಲು, ಬೆನ್ನು. ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು ಸುರಿದುಕೊಂಡರೂ ತಗ್ಗಲಿಲ್ಲ. ಊಟ ಸೇರುತ್ತಿರಲಿಲ್ಲ, ರವಿಕೆ ಸಡಿಲವಾಗುತ್ತಿತ್ತು. ಒಂದು ಬೆಳಿಗ್ಗೆ ಡೈರಿಯಲ್ಲಿ ಸಾಲಿನ ಮುಂದೆ ನಿಂತಿದ್ದ ಮುನಿಶಾಮಮ್ಮ ಎಂಬ ಮುದುಕಿ ಅವಳ ಮುಖವನ್ನೇ ದಿಟ್ಟಿಸಿ, “ಯಾಕಮ್ಮಯ್ಯ, ಕಣ್ಣು ಇಂಗೆ ಅರಿಸಿನದಂಗಾಗೈತೆ?” ಎಂದಳು.

ಕಾಮಾಲೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಕಾಮಾಲೆಗೆ ನಾಟಿ ಔಷಧಿಯೇ ಸೈ ಎಂದು ಚಿಕ್ಕವೆಂಕಟಮ್ಮ ಸೊಸೆಯನ್ನು ಪಕ್ಕದೂರಿಗೆ ಕರೆದುಕೊಂಡು ಹೋದಳು. ಹನ್ನೊಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಉಪ್ಪಿಲ್ಲದ ಅನ್ನ, ಮಜ್ಜಿಗೆ. ಹಳದಿ ಇಳಿಯಲಿಲ್ಲ, ಏರಿತು.

ಹನ್ನೆರಡನೆಯ ದಿನ ತಮ್ಮ ರಾಮಚಂದ್ರಪ್ಪ ಬಂದ. ಅವನು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಮನೆ ಆಂಡರ್ಸನ್‌ಪೇಟೆಯಲ್ಲಿ. ಅಕ್ಕನನ್ನು ನೋಡಿದವನೇ ಬಾವ ಮುನಿನಾರಾಯಣಪ್ಪನ ಕಡೆ ತಿರುಗಿದ.

“ಏನ್ ಬಾವ ಇದು? ನಂಗೊಂದು ಮಾತು ಏಳಿ ಕಳ್ಸಕಾಗ್ಲಿಲ್ವಾ? ಈ ಮೈಬಣ್ಣ ನೋಡೂ ಸುಮ್ನಿದ್ದೀಯಲ್ಲ!”

“ಇಳೀತದೆ ಅಂತ ಕಾದಿದ್ದೆ ಕಣಪ್ಪ,” ಎಂದ ಮುನಿನಾರಾಯಣಪ್ಪ. ಅವನ ದನಿಯಲ್ಲಿ ಆಗಲೇ ಹೆದರಿಕೆ ಇತ್ತು.

ಕೆಜಿಎಫ್‌ನ ಡಾಕ್ಟರು ಸ್ಕ್ಯಾನಿಂಗ್‌ಗೆ ಬರೆದರು. ಸ್ಕ್ಯಾನಿಂಗ್ ನೋಡಿದವರು ಬೆಂಗಳೂರಿಗೆ ಬರೆದರು. ಅಲ್ಲಿ ದೊಡ್ಡಾಸ್ಪತ್ರೆಯ ಸರ್ಜನ್ ಓಂಕಾರಪ್ಪನವರು, ದಾವಣಗೆರೆ ಕಡೆಯವರು, ಫಿಲ್ಮನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಹೊಟ್ಟೆಯ ಹಿಂದೆ ಮೇದೋಜೀರಕ ಅನ್ನುವ ಗ್ರಂಥಿ ಇದೆ, ಅದರ ತಲೆಯ ಭಾಗದಲ್ಲಿ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡ ಗಂಟಿದೆ, ಅದು ಪಿತ್ತದ ನಾಳವನ್ನು ಅಮುಕಿರುವುದರಿಂದ ಕಾಮಾಲೆಯಾಗಿದೆ ಎಂದು ಹೇಳಿದರು. ಸೂಜಿ ಹಾಕಿ ಗಂಟಿನಿಂದ ಚೂರು ತೆಗೆದರು. ತೋಳಿನಿಂದ ರಕ್ತ ತೆಗೆದು ಒಂದು ಲ್ಯಾಬಿಗೆ ಕಳಿಸಿದರು. ಚೂರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ರಕ್ತದ ರಿಪೋರ್ಟಿನಲ್ಲಿ ಒಂದೇ ಒಂದು ಅಂಕಿ ಇತ್ತು: ಎರಡು ಸಾವಿರದ ನೂರ ಅರವತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಆರೋಗ್ಯವಂತರಿಗೆ ಮೂವತ್ತೇಳರ ಒಳಗೆ ಎಂದು ಅಚ್ಚಾಗಿತ್ತು.

ರಾಮಚಂದ್ರಪ್ಪ ಆಸ್ಪತ್ರೆಯ ವರಾಂಡದಲ್ಲಿ ಅದನ್ನು ಓದಿ ಅಲ್ಲೇ ಬೆಂಚಿನ ಮೇಲೆ ಕೂತ. ಗಂಗರತ್ನಮ್ಮ ಕಾಗದ ಇಸಿದುಕೊಂಡು ನೋಡಿದಳು. ಮೂವತ್ತೇಳು ಎಲ್ಲಿ, ಎರಡು ಸಾವಿರ ಎಲ್ಲಿ.

ಓಂಕಾರಪ್ಪನವರು ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು. “ಇದನ್ನ ನೋಡಿ ಈಗಲೇ ಎದೆಗುಂದಬೇಡ್ರಿ. ಗಂಟಿನಿಂದ ರಕ್ತಕ್ಕೆ ಒಂದು ವಸ್ತು ಬಿಡುಗಡೆ ಆಗುತ್ತೆ, ಅದನ್ನ ಅಳೆಯೋ ಪರೀಕ್ಷೆ ಇದು. ಆದರೆ ಪಿತ್ತ ಕಟ್ಟಿಕೊಂಡಾಗ ಇದು ಸುಳ್ಳಾಗಿ ಏರಿ ತೋರಿಸುತ್ತೆ. ಮೊದಲು ಕಾಮಾಲೆ ಇಳಿಸೋಣ. ಆಮೇಲೆ ಬರೋ ಲೆಕ್ಕವೇ ನಿಜವಾದ ಲೆಕ್ಕ.”

“ಆಗ್ತಾನೆ ಕರೆದ ಬಿಸಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ರೆ ನೀರಾಕಿದಂಗೆ ತೋರಿಸ್ತದೆ ಸಾರ್. ಆರೋಗಂಟ ಕಾಯ್ಬೇಕು,” ಎಂದಳು ಗಂಗರತ್ನಮ್ಮ.

“ಹೌದಮ್ಮ, ಅದೇ,” ಎಂದರು ಡಾಕ್ಟರು.

ಬಾಯಿಯ ಮೂಲಕ ಕೊಳವೆ ಇಳಿಸಿ, ಅಮುಕಿಹೋಗಿದ್ದ ನಾಳದೊಳಗೆ ಸಣ್ಣ ಪ್ಲಾಸ್ಟಿಕ್ ನಳಿಗೆ ಕೂರಿಸಿದರು. ನಾಲ್ಕೇ ದಿನಕ್ಕೆ ತುರಿಕೆ ನಿಂತಿತು. ಮೂರು ವಾರಕ್ಕೆ ಕಣ್ಣು ಬಿಳಿಯಾಯಿತು. ಊರಿನಲ್ಲಿ ಎಲ್ಲರೂ ವಾಸಿಯಾಯಿತೆಂದರು. ಚಿಕ್ಕವೆಂಕಟಮ್ಮ ಮನೆದೇವರಿಗೆ ತಂಬಿಟ್ಟು ಮಾಡಿದಳು. ಗಂಗರತ್ನಮ್ಮನಿಗೂ ಮನಸ್ಸಿನ ಒಂದು ಮೂಲೆಯಲ್ಲಿ, ಗಂಟು ತಾನಾಗಿ ಕರಗಿರಬಹುದೇ ಎಂಬ ಆಸೆ ಹುಟ್ಟಿತ್ತು.

ಮತ್ತೆ ರಕ್ತ ಕೊಟ್ಟಳು. ಏಳುನೂರ ಎಂಬತ್ತು.

ಮಗಳು ಮಂಗಮ್ಮ ಅವತ್ತು ಜೊತೆಗಿದ್ದಳು. ಅವಳನ್ನು ಬಂಗಾರಪೇಟೆಗೆ ಕೊಟ್ಟಿದ್ದರು. ರೈಲ್ವೆ ಸ್ಟೇಷನ್ನಿಗೆ ಹತ್ತಿರವೇ ಅವಳ ಮನೆ. ಓಂಕಾರಪ್ಪನವರು ಈ ಸಲ ಏನನ್ನೂ ಮುಚ್ಚಿಡಲಿಲ್ಲ.

“ನೋಡಮ್ಮ, ಗಂಟು ಒಂದು ದೊಡ್ಡ ರಕ್ತನಾಳಕ್ಕೆ ತಾಗಿಕೊಂಡಿದೆ. ಕಾಮಾಲೆ ಇಳಿದ ಮೇಲೂ ಲೆಕ್ಕ ಇಷ್ಟಿದೆ ಅಂದ್ರೆ, ಸ್ಕ್ಯಾನಿಂಗ್‌ಗೆ ಕಾಣದಷ್ಟು ಸಣ್ಣ ಕಾಳಾಗಿ ಕ್ಯಾನ್ಸರ್ ಬೇರೆ ಕಡೆ ಬಿದ್ದಿರೋ ಅನುಮಾನ ನನಗಿದೆ. ಈಗಲೇ ಅಷ್ಟು ದೊಡ್ಡ ಆಪರೇಷನ್ ಮಾಡಿ, ಎರಡು ತಿಂಗಳಿಗೆ ಅದು ಲಿವರಿನಲ್ಲಿ ಎದ್ದರೆ ನಿಮಗೆ ನೋವು ಮಾತ್ರ ಉಳಿಯುತ್ತೆ. ಮೊದಲು ಔಷಧ ಕೊಡೋಣ. ಎರಡು ತಿಂಗಳು. ಔಷಧಕ್ಕೆ ಇದು ಬಗ್ಗುತ್ತೋ ಇಲ್ಲವೋ ಅನ್ನೋದನ್ನ ಈ ರಕ್ತದ ಲೆಕ್ಕವೇ ಹೇಳುತ್ತೆ. ಅರ್ಧಕ್ಕಿಂತ ಕೆಳಗೆ ಬಂದರೆ ಆಪರೇಷನ್.”

“ಏರಿದ್ರೆ?” ಎಂದಳು ಮಂಗಮ್ಮ.

“ಏರಿದರೆ ಆಪರೇಷನ್‌ನಿಂದ ಉಪಯೋಗ ಇಲ್ಲ. ಎಲ್ಲ ಕಡೆ ಹೀಗೆ ಮಾಡಲ್ಲಮ್ಮ, ಇದು ಹೊಸ ದಾರಿ. ಗ್ಯಾರಂಟಿ ನಾನು ಕೊಡಲಾರೆ. ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ.”

ಆ ಭಾನುವಾರ ಕ್ಯಾಸಂಬಳ್ಳಿಯ ಮನೆಯ ಜಗಲಿಯ ಮೇಲೆ ಜಗಳವೇ ಆಯಿತು. ಮುನಿನಾರಾಯಣಪ್ಪ ಯಾವತ್ತೂ ದನಿ ಎತ್ತಿದವನಲ್ಲ. ಅವತ್ತು ಎತ್ತಿದ.

“ಒಲದಲ್ಲಿ ಕಳೆ ಕಂಡ್ರೆ ಕಿತ್ತಾಕ್ತೀವಾ, ಇಲ್ಲ ಬುಡಕ್ಕೆ ಔಸ್ದಿ ಉಯ್ಕಂಡು ಎರಡು ತಿಂಗಳು ಕೂತಿರ್ತೀವಾ? ಗಂಟು ಇರೋದು ಗೊತ್ತಾದ್ಮೇಲೆ ಒಟ್ಟೇಲಿ ಮಡಿಕ್ಕಂಡು ಇರು ಅಂದ್ರೆ ಏನರ್ಥ?”

“ನಂಗೂ ಅಂಗೇ ಅನ್ನಿಸ್ತೈತೆ ಬಾವ,” ಎಂದ ರಾಮಚಂದ್ರಪ್ಪ. “ಬೇರೆ ಡಾಕ್ಟ್ರನ್ನ ನೋಡಾನ. ಬೇಗ ಕುಯ್ದಾಕೋರು ಯಾರಾದ್ರೂ ಸಿಕ್ತಾರೆ.”

ಗಂಗರತ್ನಮ್ಮ ಕಂಬಕ್ಕೆ ಒರಗಿ ಕೂತು ಇಬ್ಬರ ಮಾತನ್ನೂ ಕೇಳಿದಳು. ಆಮೇಲೆ ಹೇಳಿದಳು: “ಕಳೆ ಬೀಜ ಆಗ್ಲೇ ಒಲವೆಲ್ಲ ಉದುರಿದ್ರೆ, ಒಂದು ಗಿಡ ಕಿತ್ತು ಏನ್ ಬಂತು? ಆ ಡಾಕ್ಟ್ರು ತಮಗೆ ಗೊತ್ತಿಲ್ದೇ ಇರೋದನ್ನ ಗೊತ್ತಿಲ್ಲ ಅಂತಾನೇ ಏಳಿದ್ರು. ನಾನು ಅವರತ್ರಾನೇ ಓಗ್ತೀನಿ.”

ಆದರೆ ಹೀಗೆ ಗಟ್ಟಿಯಾಗಿ ಹೇಳಿದವಳು ಹಿತ್ತಲಿಗೆ ಹೋಗಿ, ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದಳು ಎಂದು ಮಂಗಮ್ಮ ಆಮೇಲೆ ಹೇಳುತ್ತಿದ್ದಳು. ಅಮ್ಮನ ಭುಜ ಅಲುಗುವುದು ಅವಳಿಗೆ ಕಂಡಿತ್ತು. ಹತ್ತಿರ ಹೋಗಲು ಧೈರ್ಯ ಬಂದಿರಲಿಲ್ಲ.

ಆಗಸ್ಟ್ ತಿಂಗಳಿಂದ ವಾರಕ್ಕೊಂದು ದಿನ ಬೆಂಗಳೂರು. ಮೂರು ವಾರ ಡ್ರಿಪ್, ಒಂದು ವಾರ ಬಿಡುವು. ಹಿಂದಿನ ದಿನವೇ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು ಮಗಳ ಮನೆಯಲ್ಲಿ ಉಳಿಯುತ್ತಿದ್ದಳು. ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಅಷ್ಟರಲ್ಲಾಗಲೇ ಕೆಲಸಕ್ಕೆ ಹೋಗುವವರಿಂದ ತುಂಬಿರುತ್ತಿತ್ತು. ಕೆಜಿಎಫ್ ಗಣಿ ಕಡೆಯ ಚಾಂಪಿಯನ್ ರೀಫ್ಸ್‌ನ ಗಂಡಸರು ತಮಿಳಿನಲ್ಲಿ ಇಸ್ಪೀಟಾಡುತ್ತ ಕೂತಿರುತ್ತಿದ್ದರು. ಎರಡನೆಯ ವಾರ ಅವಳ ಸೊರಗಿದ ಮುಖ ನೋಡಿ ಅವರಲ್ಲೊಬ್ಬ ಎದ್ದು, “ಉಕ್ಕಾರಮ್ಮಾ” ಎಂದು ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಆ ಜಾಗ ಅವಳದೇ ಆಯಿತು. ಸಂಜೆ ವಾಪಸು ಬರುವಾಗ ಹೊಟ್ಟೆ ತೊಳಸುತ್ತಿತ್ತು. ಮಂಗಮ್ಮ ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ನಿಂಬೆಹಣ್ಣು ಇಟ್ಟುಕೊಂಡು ಕೂರುತ್ತಿದ್ದಳು.

ಆಯಾಸವನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದಿದ್ದುದು ಇನ್ನೊಂದು. ತುರಿಕೆ ಇಲ್ಲ, ಹಳದಿ ಇಲ್ಲ, ನೋವೂ ಅಷ್ಟಿಲ್ಲ. ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಮೈಯಲ್ಲಿ ಯಾವ ಗುರುತೂ ಇಲ್ಲ. ಸ್ನಾನ ಮಾಡುವಾಗ ಹೊಕ್ಕುಳ ಮೇಲೆ ಬೆರಳಿಟ್ಟು ಒತ್ತಿ ನೋಡುತ್ತಿದ್ದಳು. ಊಟದ ನಂತರ ಸ್ವಲ್ಪ ಬೆನ್ನು ಹಿಡಿದರೆ, ಬೆಳೆಯಿತೋ ಏನೋ ಎಂದು ತಟ್ಟೆ ಮುಂದೆ ಕೂತೇ ಬೆವರುತ್ತಿದ್ದಳು.

ಒಂದು ಸುತ್ತು ಮುಗಿದ ಮೇಲೆ ಐನೂರ ಇಪ್ಪತ್ತಕ್ಕೆ ಇಳಿಯಿತು. “ದಾರಿ ಸರಿಯಿದೆ, ಆದರೆ ಸಾಲದು,” ಎಂದರು ಓಂಕಾರಪ್ಪನವರು. ಮುನಿನಾರಾಯಣಪ್ಪ ಇಳಿಯಿತು ಎಂಬುದನ್ನಷ್ಟೇ ಕೇಳಿಸಿಕೊಂಡು ನಾಲ್ಕು ದಿನ ನೆಮ್ಮದಿಯಾಗಿ ರಾಗಿಹೊಲದ ಕೆಲಸ ಮಾಡಿದ. ಅವನ ಹೆಂಡತಿಗೆ ಸಾಲದು ಎಂಬ ಮಾತೇ ಕಿವಿಯಲ್ಲಿ ಉಳಿಯಿತು.

ಎರಡನೆಯ ಸುತ್ತು ಮುಗಿದಾಗ ಅಕ್ಟೋಬರ್. ರಕ್ತ ಕೊಟ್ಟು ಬಂದರು. ರಿಪೋರ್ಟು ತರಲು ರಾಮಚಂದ್ರಪ್ಪ ರಜ ಹಾಕಿ ಒಬ್ಬನೇ ಹೋದ. ಓಂಕಾರಪ್ಪನವರು ಊರಿನಲ್ಲಿರಲಿಲ್ಲ. ಅಲ್ಲಿದ್ದ ಕಿರಿಯ ಡಾಕ್ಟರು ಕಾಗದ ನೋಡಿ, “ಏರಿದೆ. ಆಪರೇಷನ್ ಕಷ್ಟ ಅನ್ನಿಸುತ್ತೆ. ಗುರುವಾರ ಸರ್ ಬರ್ತಾರೆ, ಅವರ ಹತ್ತಿರ ಮಾತಾಡಿ,” ಎಂದರು.

ಒಂಬೈನೂರ ಹತ್ತು.

ಅವನು ಕ್ಯಾಸಂಬಳ್ಳಿಗೆ ಬಂದಿಳಿದಾಗ ಗಂಗರತ್ನಮ್ಮ ಡೈರಿಯಲ್ಲಿದ್ದಳು. ಬಿಡುವಿನ ವಾರಗಳಲ್ಲಿ ಸ್ಟೂಲಿನ ಮೇಲೆ ಕೂತಾದರೂ ಕೆಲಸ ಮಾಡುತ್ತಿದ್ದಳು. ರಾಮಚಂದ್ರಪ್ಪ ಬಾಗಿಲಲ್ಲೇ ನಿಂತ.

“ಏನ್ಲಾ, ಯಾಕಂಗೆ ನಿಂತ್ಕಂಡೆ? ರಿಪೋರ್ಟು ಬಂತಾ?”

“ಇನ್ನೂ ಬಂದಿಲ್ಲ ಅಕ್ಕಾ. ಗುರುವಾರ ಕೊಡ್ತಾರಂತೆ.”

“ಸುಳ್ಳು ಏಳ್ಬೇಡ ಕಣ್ಲಾ. ಜೇಬಿನ ಮ್ಯಾಲೆ ಕೈ ಮಡಿಕ್ಕಂಡೇ ಬಂದಿದ್ದೀಯ. ಕೊಡಿಲ್ಲಿ.”

ಅವನು ಕೊಟ್ಟ. ಕೊಟ್ಟು ಆ ಕಡೆ ತಿರುಗಿ ನಿಂತ. ಗಂಗರತ್ನಮ್ಮ ಅಂಕಿ ನೋಡಿದಳು. ಮಡಿಸಿ ಸೆರಗಿನಲ್ಲಿ ಸಿಕ್ಕಿಸಿಕೊಂಡು, ಸಾಲಿನಲ್ಲಿ ಉಳಿದಿದ್ದ ಆರು ಮಂದಿಯ ಹಾಲನ್ನೂ ಪರೀಕ್ಷೆ ಮಾಡಿ ಮುಗಿಸಿದಳು. ಬರೆಯುವಾಗ ಒಂದು ಕಡೆ ಅಂಕಿ ತಪ್ಪಿ, ಹೊಡೆದು ಮತ್ತೆ ಬರೆಯಬೇಕಾಯಿತು.

ಮನೆಯಲ್ಲಿ ವಿಷಯ ತಿಳಿದು ಮುನಿನಾರಾಯಣಪ್ಪ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. “ನಾನು ಅವತ್ತೇ ಏಳ್ದೆ, ನಾನು ಅವತ್ತೇ ಏಳ್ದೆ” ಎಂಬುದಷ್ಟೇ ಅವನ ಬಾಯಲ್ಲಿ. ಚಿಕ್ಕವೆಂಕಟಮ್ಮ ಸೊಸೆಯ ತಲೆ ಸವರುತ್ತ ಅತ್ತಳು. ಗಂಗರತ್ನಮ್ಮನಿಗೆ ಅಳು ಬರಲಿಲ್ಲ. ಸುಮ್ಮನೆ ಕೂರಲಾರದೆ ಪೆಟ್ಟಿಗೆಯಿಂದ ಹಳೆಯ ಮೂರು ರಿಪೋರ್ಟು ತೆಗೆದು ಚಾಪೆಯ ಮೇಲೆ ಹರಡಿ, ಪಕ್ಕದಲ್ಲಿ ಹೊಸದನ್ನಿಟ್ಟಳು. ಎರಡು ಸಾವಿರದ ನೂರ ಅರವತ್ತು, ಏಳುನೂರ ಎಂಬತ್ತು, ಐನೂರ ಇಪ್ಪತ್ತು, ಒಂಬೈನೂರ ಹತ್ತು. ಮತ್ತೆ ಮತ್ತೆ ಓದಿದಳು.

“ರಾಮಾ, ಬಾ ಇಲ್ಲಿ. ಇದ್ರ ಮ್ಯಾಲಿರೋ ಎಸ್ರು ಓದು.”

ಹಳೆಯ ಮೂರರಲ್ಲೂ ಒಂದೇ ಲ್ಯಾಬಿನ ಹೆಸರಿತ್ತು. ಹೊಸದರಲ್ಲಿ ಬೇರೆ.

“ಈಗ ಕೆಳಗೆ ನೋಡು. ಅವ್ರಲ್ಲಿ ಮೂವತ್ತೇಳರ ಒಳಗೆ ಅಂತೈತೆ. ಇವ್ರಲ್ಲಿ ಐವತ್ತೈದರ ಒಳಗೆ ಅಂತೈತೆ. ಅಳತೆಗೋಲೇ ಬೇರೆ ಕಣ್ಲಾ! ಓದ್ವರ್ಸ ಡೈರೀಲಿ ಹೊಸ ಲ್ಯಾಕ್ಟೋಮೀಟರ್ ಬಂದಾಗ ಹಳೇದಕ್ಕೂ ಅದಕ್ಕೂ ಎರಡು ಡಿಗ್ರಿ ತೇಡಾ ಬಂದು ಜಗಳ ಆಗಿರ್ಲಿಲ್ವಾ?”

“ಎರಡು ಡಿಗ್ರಿ ಅಲ್ಲಕ್ಕಾ ಇದು. ನಾಕ್‌ನೂರು ಏರೈತೆ,” ಎಂದ ರಾಮಚಂದ್ರಪ್ಪ ಮೆಲ್ಲಗೆ. ಅಕ್ಕ ಹುಲ್ಲುಕಡ್ಡಿ ಹಿಡಿದು ತೇಲಲು ನೋಡುತ್ತಿದ್ದಾಳೆ ಎಂದೇ ಅವನಿಗೆ ಅನ್ನಿಸಿತು. ಅವಳಿಗೂ ಆ ಅನುಮಾನ ಇಲ್ಲದೆ ಇರಲಿಲ್ಲ. ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು. ಆ ಮೂರು ದಿನ ಅವಳು ಗಂಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಗುರುವಾರ ಓಂಕಾರಪ್ಪನವರ ಮೇಜಿನ ಮೇಲೆ ನಾಲ್ಕು ಕಾಗದಗಳನ್ನೂ ಸಾಲಾಗಿ ಇಟ್ಟಳು.

“ಸಾರ್, ತಪ್ಪು ತಿಳ್ಕಬೇಡಿ. ಇವೆಲ್ಲ ಒಂದೇ ಮಿಷನ್ನಲ್ಲಿ ಅಳೆದಿದ್ದಾ?”

ಡಾಕ್ಟರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಎತ್ತಿ ನೋಡಿದರು. ಫೋನ್ ತೆಗೆದು ಯಾರನ್ನೋ ವಿಚಾರಿಸಿದರು. ಹಳೆಯ ಲ್ಯಾಬಿನಲ್ಲಿ ಆ ವಾರ ಪರೀಕ್ಷೆಯ ಔಷಧಿ ಮುಗಿದಿದ್ದರಿಂದ ರಕ್ತ ಬೇರೆ ಕಡೆಗೆ ಹೋಗಿತ್ತು. ಅವರು ಫೋನಿಟ್ಟು, “ಒಂದು ಲ್ಯಾಬಿನ ಅಂಕಿಯನ್ನ ಇನ್ನೊಂದು ಲ್ಯಾಬಿನ ಅಂಕಿ ಜೊತೆ ಹೋಲಿಸಬಾರದು. ಇದನ್ನ ಕೇಳಿದ್ದು ಒಳ್ಳೇದಾಯಿತು,” ಎಂದರು. ಒಡನೆಯೇ ಸೇರಿಸಿದರು: “ಆದರೆ ಆಸೆ ಇಟ್ಟುಕೊಂಡು ಕೂರಬೇಡಮ್ಮ. ನಿಜವಾಗಲೂ ಏರಿರಬಹುದು. ಹಳೇ ಲ್ಯಾಬಿಗೇ ಮತ್ತೆ ಕಳಿಸೋಣ. ಸ್ಕ್ಯಾನಿಂಗೂ ಮಾಡೋಣ.”

ಸ್ಕ್ಯಾನಿಂಗ್‌ನಲ್ಲಿ ಗಂಟು ತುಸು ಕುಗ್ಗಿದಂತೆ ಕಂಡಿತು, ರಕ್ತನಾಳದಿಂದ ಕೂದಲೆಳೆಯಷ್ಟು ದೂರ ಸರಿದಿತ್ತು. ರಕ್ತದ ಲೆಕ್ಕಕ್ಕೆ ಐದು ದಿನ ಕಾಯಬೇಕಾಯಿತು. ಐದನೆಯ ದಿನ ಆಸ್ಪತ್ರೆಗೆ ಹೋಗಿದ್ದ ರಾಮಚಂದ್ರಪ್ಪ ಮಧ್ಯಾಹ್ನ ಅಲ್ಲಿಂದಲೇ ಮಂಗಮ್ಮನ ಮನೆಯ ಎದುರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ. ಮಂಗಮ್ಮ ಒದ್ದೆ ಕೈಯಲ್ಲೇ ಓಡಿದಳು. ಆ ಐದು ದಿನ ಮಗಳ ಮನೆಯಲ್ಲೇ ಉಳಿದಿದ್ದ ಗಂಗರತ್ನಮ್ಮ ಹೊಸಿಲ ಮೇಲೆ ನಿಂತು, ಬೂತಿನ ಗಾಜಿನ ಬಾಗಿಲ ಹಿಂದೆ ಮಗಳ ಮುಖ ನೋಡುತ್ತಿದ್ದಳು. ಮಂಗಮ್ಮ ಏನೋ ಕೇಳಿದಳು. ಮತ್ತೊಮ್ಮೆ ಕೇಳಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಗಂಗರತ್ನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಅಮ್ಮಾ, ನೂರ ಅರವತ್ತೆಂಟಂತೆ! ಇಳಿದೈತಂತೆ!” ಎಂದು ಮಂಗಮ್ಮ ರಸ್ತೆ ದಾಟುವ ಮುಂಚೆಯೇ ಕೂಗಿದಳು.

ಇನ್ನೊಂದು ಸುತ್ತು ಔಷಧ ಕೊಟ್ಟರು. ತೊಂಬತ್ತಾರಕ್ಕೆ ಬಂತು. ಡಿಸೆಂಬರ್ ಎರಡನೆಯ ವಾರ ಆಪರೇಷನ್ ಗೊತ್ತಾಯಿತು.

ಹಿಂದಿನ ದಿನ ಓಂಕಾರಪ್ಪನವರು ಮನೆಯವರನ್ನೆಲ್ಲ ಕರೆದು ಹೇಳಿದರು. “ಹೊಟ್ಟೆ ತೆರೆದು ಮೊದಲು ಲಿವರ್ ನೋಡ್ತೀನಿ. ಅಲ್ಲಿ ಬಿಳಿ ಚುಕ್ಕೆ ಕಂಡರೆ ಮುಂದಕ್ಕೆ ಹೋಗಲ್ಲ, ಹೊಲಿದು ಆಚೆ ಬರ್ತೀನಿ. ನಾನು ಒಂದು ಗಂಟೆಯೊಳಗೆ ಬಂದರೆ ಒಳ್ಳೇ ಸುದ್ದಿ ಇಲ್ಲ ಅಂತ ತಿಳ್ಕೊಳ್ಳಿ. ತಡವಾದಷ್ಟೂ ಒಳ್ಳೇದು.”

ಬೆಳಿಗ್ಗೆ ಒಂಬತ್ತಕ್ಕೆ ಅವಳನ್ನು ಒಳಗೆ ಕರೆದೊಯ್ದರು. ಮುನಿನಾರಾಯಣಪ್ಪನಿಗೆ ಗಡಿಯಾರ ನೋಡಿ ಬದುಕಿದ ಅಭ್ಯಾಸವಿರಲಿಲ್ಲ. ಹೊತ್ತು ತಿಳಿಯಲು ಅವನಿಗೆ ಬಿಸಿಲು ಸಾಕಿತ್ತು. ಅವತ್ತು ಗೋಡೆಯ ಗಡಿಯಾರದ ಕೆಳಗೇ ನಿಂತ. “ಎಷ್ಟಾಯ್ತು ನೋಡಮ್ಮ” ಎಂದು ಮಗಳನ್ನು ಕೇಳುತ್ತಿದ್ದ. ಒಂಬತ್ತೂಕಾಲು. ಒಂಬತ್ತೂವರೆ. ಒಂಬತ್ತು ಮುಕ್ಕಾಲು ಆಗುತ್ತಿದ್ದಂತೆ ಬಾಗಿಲು ತೆರೆಯಿತು. ಹಸಿರು ಬಟ್ಟೆಯ ನರ್ಸ್ ಒಬ್ಬಳು ಹೊರಬಂದು, “ಗಂಗರತ್ನಮ್ಮನ ಕಡೆಯವರು ಯಾರು?” ಎಂದಳು.

ಮೂವರೂ ಬಾಗಿಲ ಬಳಿಗೆ ಬಂದರು.

“ಬಳೆ ಬಿಚ್ಚಿಸಿದ್ದೀವಿ, ತಗೊಳ್ಳಿ,” ಎಂದು ಕಾಗದದ ಪೊಟ್ಟಣವೊಂದನ್ನು ಕೊಟ್ಟು ಅವಳು ಒಳಗೆ ಹೋದಳು. ಮುನಿನಾರಾಯಣಪ್ಪ ಪೊಟ್ಟಣ ಹಿಡಿದುಕೊಂಡು ನೆಲದ ಮೇಲೆಯೇ ಕೂತ.

ಹತ್ತಾಯಿತು. ಹತ್ತೂವರೆಯಾಯಿತು. ಬಾಗಿಲು ತೆರೆಯಲಿಲ್ಲ. ಹನ್ನೊಂದಾದಾಗ ರಾಮಚಂದ್ರಪ್ಪ, “ಬಾವ, ಒಳಗೆ ಕೆಲಸ ನಡೀತೈತೆ,” ಎಂದ. ಹನ್ನೆರಡು, ಒಂದು, ಎರಡು. ಈಗ ಇನ್ನೊಂದು ಭಯ ಹಿಡಿಯಿತು: ಇಷ್ಟು ಹೊತ್ತು ಕುಯ್ದರೆ ಆ ಸೊರಗಿದ ಜೀವ ತಡೆದೀತೇ? ಮಂಗಮ್ಮ ತಂದ ಚಿತ್ರಾನ್ನದ ಪೊಟ್ಟಣ ಯಾರೂ ಬಿಚ್ಚಲಿಲ್ಲ.

ನಾಲ್ಕೂಕಾಲಿಗೆ ಓಂಕಾರಪ್ಪನವರು ಬಂದರು. ಟೋಪಿ ಬೆವರಿಗೆ ಅಂಟಿಕೊಂಡಿತ್ತು. “ಲಿವರ್ ಶುದ್ಧವಾಗಿತ್ತು. ಗಂಟು ಪೂರ್ತಿ ಬಂತು,” ಎಂದರು. ಮುನಿನಾರಾಯಣಪ್ಪ ಅವರ ಕಾಲು ಮುಟ್ಟಲು ಬಗ್ಗಿದ. ಅವರು ತಡೆದು, “ಇನ್ನು ಹತ್ತು ದಿನ ನನಗೂ ನಿದ್ದೆ ಇಲ್ಲಪ್ಪ,” ಎಂದರು.

ಅವರು ಹೇಳಿದಂತೆಯೇ ಆಯಿತು. ಆರನೆಯ ದಿನ ಜ್ವರ ಬಂತು, ಹೊಲಿಗೆಯ ಪಕ್ಕದ ನಳಿಗೆಯಲ್ಲಿ ಮೇದೋಜೀರಕದ ರಸ ಸೋರಿತು. ಒಂದು ವಾರ ನೀರನ್ನೂ ಬಾಯಿಗೆ ಬಿಡಲಿಲ್ಲ. ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದ ಮಂಗಮ್ಮನಿಗೆ ಗಂಗರತ್ನಮ್ಮ, “ಇನ್ನೂ ಎಷ್ಟು ದಿನ ಇಂಗೆ ಎದ್ರಿಸ್ತಾರೋ ಕೇಳು,” ಎಂದು ಪಿಸುಗುಟ್ಟಿದಳು. ಸೋರುವುದು ತಾನಾಗಿ ನಿಂತಿತು. ಇಪ್ಪತ್ತಾರು ದಿನದ ಮೇಲೆ ಊರಿಗೆ ಬಂದಾಗ ಅವಳ ತೂಕ ಮೂವತ್ತೆಂಟು ಕೆಜಿ. ಮೇದೋಜೀರಕದ ಒಂದು ಭಾಗ ತೆಗೆದಿದ್ದರಿಂದ ಜೊತೆಗೆ ಸಕ್ಕರೆ ಕಾಯಿಲೆ ಅಂಟಿತ್ತು. ದಿನಕ್ಕೆರಡು ಇಂಜೆಕ್ಷನ್, ಊಟದ ಜೊತೆ ಜೀರ್ಣಕ್ಕೆ ಮಾತ್ರೆ.

೧೯೯೯ರ ಯುಗಾದಿ ಕಳೆದ ಮೇಲೆ ಅವಳು ಮತ್ತೆ ಡೈರಿಗೆ ಹೋದಳು. ಕ್ಯಾನು ಎತ್ತುವಂತಿರಲಿಲ್ಲ. ರಕ್ತದ ಲೆಕ್ಕ ಮೂರು ತಿಂಗಳಿಗೊಮ್ಮೆ. ಏಪ್ರಿಲ್‌ನಲ್ಲಿ ಇಪ್ಪತ್ತೆರಡು, ಜುಲೈನಲ್ಲಿ ಇಪ್ಪತ್ತೈದು. ರಕ್ತ ಕೊಟ್ಟ ದಿನದಿಂದ ಉತ್ತರ ಬರುವವರೆಗೆ ಅವಳು ಮನೆಯಲ್ಲಿ ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಅದು ಗೊತ್ತಿದ್ದು ಅತ್ತೆಯೂ ಕೆಣಕುತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಮೂವತ್ತೇಳು ದಾಟಿ ನಲವತ್ತೊಂದು ಬಂತು. ಅದೇ ಲ್ಯಾಬು, ಅದೇ ಅಳತೆ. ಈ ಸಲ ಕಾಗದದಲ್ಲಿ ಹುಡುಕಲು ಏನೂ ಇರಲಿಲ್ಲ.

“ಒಂದೇ ಅಂಕಿ ನೋಡಿ ಏನೂ ಹೇಳಲಾಗದು. ಒಂದೂವರೆ ತಿಂಗಳು ಬಿಟ್ಟು ಮತ್ತೆ ನೋಡೋಣ,” ಎಂದರು ಓಂಕಾರಪ್ಪನವರು.

ಆ ಒಂದೂವರೆ ತಿಂಗಳಲ್ಲಿ ಗಂಗರತ್ನಮ್ಮ ತನ್ನ ಎರಡು ರೇಷ್ಮೆ ಸೀರೆಗಳನ್ನು ಮಂಗಮ್ಮನ ಮನೆಗೆ ಕಳಿಸಿದಳು. ಡೈರಿಯ ಕೆಲಸವನ್ನು ವೆಂಕಟರತ್ನಮ್ಮ ಎಂಬ ನೆರೆಮನೆಯ ಸೊಸೆಗೆ ಹೇಳಿಕೊಟ್ಟಳು. ಗಂಡನಿಗೆ ಸಾರು ಮಾಡುವುದನ್ನು ಕಲಿಸಲು ಹೋಗಿ, ಅವನು ಸೌಟು ಬಿಸಾಕಿ ಎದ್ದುಹೋದ ಮೇಲೆ ಅದನ್ನು ಕೈಬಿಟ್ಟಳು.

ಡಿಸೆಂಬರ್ ಮೊದಲ ವಾರ ರಿಪೋರ್ಟು ತರಲು ಅವಳೇ ಹೋದಳು, ಗಂಡನನ್ನು ಮಾತ್ರ ಕರೆದುಕೊಂಡು. ಲಕೋಟೆಯನ್ನು ತಾನು ಒಡೆಯಲಿಲ್ಲ, ಡಾಕ್ಟರೇ ಒಡೆದು ನೋಡಿದರು. ಇಪ್ಪತ್ತೊಂಬತ್ತು. ಅವರು ನಕ್ಕು, “ಮತ್ತೆ ಮಾರ್ಚ್‌ನಲ್ಲಿ ಬಾರಮ್ಮ,” ಎಂದರು.

ಸಂಜೆ ಬಂಗಾರಪೇಟೆಯಲ್ಲಿ ಇಳಿದಾಗ ಮುನಿನಾರಾಯಣಪ್ಪ ಸ್ಟೇಷನ್ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದ. ಮದುವೆಯಾಗಿ ಮೂವತ್ತು ವರ್ಷಕ್ಕೆ ಇಬ್ಬರೇ ಹೋಟೆಲಿನಲ್ಲಿ ಕೂತದ್ದು ಅದೇ ಮೊದಲು. ಅವಳು ಮಾತ್ರೆ ನುಂಗಿ ಅರ್ಧ ಇಡ್ಲಿ ತಿಂದಳು, ಮಿಕ್ಕಿದ್ದನ್ನು ಅವನ ತಟ್ಟೆಗೆ ಹಾಕಿದಳು.

“ಮಾರ್ಚಿಗೆ ಎಷ್ಟು ಬತ್ತದೋ,” ಎಂದಳು.

“ತಿನ್ನು ಮೊದ್ಲು,” ಎಂದ ಅವನು, ತಟ್ಟೆಯಿಂದ ಚೂರು ಇಡ್ಲಿಯನ್ನು ಮತ್ತೆ ಅವಳ ಕಡೆ ಸರಿಸುತ್ತ. ಅವಳು ತಿಂದಳು. ಕ್ಯಾಸಂಬಳ್ಳಿಯ ಬಸ್ಸು ಆಗಲೇ ಹಾರನ್ ಮಾಡುತ್ತಿತ್ತು. ಇಬ್ಬರೂ ಕೈತೊಳೆದು ಬೇಗ ಬೇಗ ನಡೆದರು.